ಸ್ಕಾಟ್ ಕೌಂಟಿಯ ಸೂಜಿ ಕೇಂದ್ರ: ಕೆಲಸ ಮಾಡಿದ ಯೋಜನೆ ಮುಚ್ಚಿದ್ದು ಯಾಕೆ?

ಅಮೆರಿಕದ ಇಂಡಿಯಾನಾ ರಾಜ್ಯದ ದಕ್ಷಿಣ ಭಾಗದಲ್ಲಿ ಸ್ಕಾಟ್ ಕೌಂಟಿ ಇದೆ. ಕೌಂಟಿ ಅಂದರೆ ಜಿಲ್ಲೆ ಅಂತ ಇಟ್ಟುಕೊಳ್ಳಿ. ಆದರೆ ಜನಸಂಖ್ಯೆ ಬರೀ 24 ಸಾವಿರದ ಆಸುಪಾಸು. ನಮ್ಮ ಎಷ್ಟೋ ಹೋಬಳಿಗಳಲ್ಲಿ ಇದಕ್ಕಿಂತ ಜಾಸ್ತಿ ಜನ ಇದ್ದಾರೆ. ಆ ಕೌಂಟಿಯಲ್ಲಿ ಆಸ್ಟಿನ್ ಎಂಬ ಊರಿದೆ. ನಮ್ಮ ಸಾಫ್ಟ್‌ವೇರ್ ಹುಡುಗರು ತುಂಬಿರುವ ಟೆಕ್ಸಾಸಿನ ಆಸ್ಟಿನ್ ಅಲ್ಲ ಇದು. 4,200 ಜನರ ಬಡ ಪಟ್ಟಣ. ಪಕ್ಕದಲ್ಲೇ ಹೆದ್ದಾರಿ ಹಾದುಹೋಗುತ್ತದೆ, ಅದರಲ್ಲಿ ಹೋಗುವವರು ಇಲ್ಲಿ ಇಳಿಯುವುದು ಕಡಿಮೆ.

ಈ ಕೌಂಟಿಯಲ್ಲಿ ವರ್ಷಕ್ಕೆ ಐದು ಎಚ್‌ಐವಿ ಪ್ರಕರಣಗಳೂ ದಾಖಲಾಗುತ್ತಿರಲಿಲ್ಲ. 2014ರ ನವೆಂಬರ್‌ನಿಂದ 2015ರ ನವೆಂಬರ್ ಶುರುವಿನವರೆಗೆ, ಅಂದರೆ ಒಂದು ವರ್ಷದೊಳಗೆ, 181 ಜನರಲ್ಲಿ ಸೋಂಕು ಪತ್ತೆಯಾಯಿತು. ಬಹುತೇಕ ಎಲ್ಲರೂ ಆಸ್ಟಿನ್ ಮತ್ತು ಅದರ ಸುತ್ತಮುತ್ತಲಿನವರು. ನೋವಿನ ಮಾತ್ರೆಯೊಂದನ್ನು ಕರಗಿಸಿ, ಒಂದೇ ಸೂಜಿಯಿಂದ ಹಲವರು ಚುಚ್ಚಿಕೊಂಡದ್ದೇ ಸೋಂಕಿನ ದಾರಿ.

ಒಪಿಯಾಯ್ಡ್, ಅಂದರೆ ಅಫೀಮಿನ ಗುಣದ ಔಷಧಗಳ ಪಿಡುಗಿನ ಬಗ್ಗೆ ಓದುವಾಗ ನಮಗೆ ಸಾಮಾನ್ಯವಾಗಿ ಸಿಗುವುದು ಇಡೀ ದೇಶದ ಸಾವಿನ ಲೆಕ್ಕ. ಅಷ್ಟು ದೊಡ್ಡ ಲೆಕ್ಕದಲ್ಲಿ ಯಾವ ಕ್ರಮ ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಅಂತ ಹೇಳುವುದು ಕಷ್ಟ. ಸ್ಕಾಟ್ ಕೌಂಟಿ ಚಿಕ್ಕದು. ಪಿಡುಗು ಬಂದದ್ದು, ಸರ್ಕಾರ ತಡವಾಗಿ ಎದ್ದದ್ದು, ಕೆಲಸ ಫಲಿಸಿದ್ದು, ಕೊನೆಗೆ ಅದನ್ನು ನಿಲ್ಲಿಸಿದ್ದು ಎಲ್ಲವೂ ಒಂದೇ ಕಡೆ ನೋಡಲು ಸಿಗುತ್ತದೆ. ಹಾಗಾಗಿ ಇದನ್ನೇ ಆರಿಸಿಕೊಂಡೆ.

ಮಾತ್ರೆಯ ಜಾಡು

1996ರಲ್ಲಿ ಪರ್ಡ್ಯೂ ಕಂಪನಿಯ ಆಕ್ಸಿಕಾಂಟಿನ್ ಅಮೆರಿಕದ ಮಾರುಕಟ್ಟೆಗೆ ಬಂತು. ಅಲ್ಲಿಂದ ಮುಂದೆ ಅಫೀಮಿನ ಗುಣದ ನೋವಿನ ಮಾತ್ರೆಗಳನ್ನು ವೈದ್ಯರು ಧಾರಾಳವಾಗಿ ಬರೆಯತೊಡಗಿದರು. ಜನ ಅದನ್ನು ಪುಡಿ ಮಾಡಿ ಮೂಗಿಗೆ ಏರಿಸುತ್ತಿದ್ದಾರೆ ಅಂತ ಗದ್ದಲ ಎದ್ದ ಮೇಲೆ, 2010ರಲ್ಲಿ ಕಂಪನಿ ಮಾತ್ರೆಯ ರಚನೆ ಬದಲಿಸಿತು. ಸುಲಭಕ್ಕೆ ಪುಡಿಯಾಗದ ಹಾಗೆ ಮಾಡಿತು.

ಚಟ ಹತ್ತಿದವರು ಅಷ್ಟಕ್ಕೆ ಬಿಡುತ್ತಾರಾ? ಇನ್ನೊಂದು ಮಾತ್ರೆ ಹುಡುಕಿದರು. ಕೆಲವರು ಹೆರಾಯಿನ್ ಕಡೆ ಹೋದರು. ಇಂಡಿಯಾನಾದ ಈ ಭಾಗದಲ್ಲಿ ಎಂಡೋ ಕಂಪನಿಯ ಒಪಾನಾ ಇಆರ್ ಜಾಗ ಹಿಡಿಯಿತು. ಅದರೊಳಗಿನ ಔಷಧ ಆಕ್ಸಿಮಾರ್ಫೋನ್. 2012ರಲ್ಲಿ ಎಂಡೋ ಕೂಡ ತನ್ನ ಮಾತ್ರೆಯನ್ನು ಪುಡಿಯಾಗದ ಹಾಗೆ ಬದಲಿಸಿತು. ಪರಿಣಾಮ ಇನ್ನೂ ಕೆಟ್ಟದಾಯಿತು. ಮೂಗಿಗೆ ಏರಿಸಲು ಆಗದಿದ್ದಾಗ ಜನ ಸೂಜಿ ಹಿಡಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಾತ್ರೆಯನ್ನು ದುರ್ಬಳಕೆಗೆ ಕಷ್ಟವಾಗಿಸುವುದು ಕೂಡ ಒಪಿಯಾಯ್ಡ್ ಪಿಡುಗಿಗೆ ಕೊಟ್ಟ ಒಂದು ಉತ್ತರವೇ. ಕಾಗದದ ಮೇಲೆ ಅದು ಒಳ್ಳೆಯ ಯೋಚನೆ. ಮೂಗಿಗೆ ಏರಿಸುವವರ ಸಂಖ್ಯೆಯನ್ನಷ್ಟೇ ಎಣಿಸಿದರೆ ಅದು ಗೆದ್ದಂತೆಯೂ ಕಾಣುತ್ತದೆ. ಆ ಜನ ಮುಂದೆ ಎಲ್ಲಿಗೆ ಹೋದರು ಅಂತ ನೋಡಿದರೆ ಮಾತ್ರ ಪೂರ್ತಿ ಚಿತ್ರ ಸಿಗುತ್ತದೆ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಈ ಲೆಕ್ಕಕ್ಕೆ ಬಂದದ್ದು 2017ರ ಜೂನ್‌ನಲ್ಲಿ. ಒಪಾನಾ ಇಆರ್ ಅನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿರಿ ಅಂತ ಕಂಪನಿಯನ್ನು ಕೇಳಿತು. ಮಾರಾಟದಲ್ಲಿದ್ದ ಒಪಿಯಾಯ್ಡ್ ಔಷಧವನ್ನು ದುರ್ಬಳಕೆಯ ಕಾರಣಕ್ಕೆ ತೆಗೆಯಲು ಎಫ್‌ಡಿಎ ಹೇಳಿದ್ದು ಅದೇ ಮೊದಲು. ಜುಲೈನಲ್ಲಿ ಎಂಡೋ ಒಪ್ಪಿತು. ಅಷ್ಟರಲ್ಲಿ ಆಸ್ಟಿನ್‌ನಲ್ಲಿ ಆಗಬೇಕಾದ್ದೆಲ್ಲ ಆಗಿ ಹೋಗಿತ್ತು.

ಆಸ್ಟಿನ್‌ನ ಬೀದಿಯಲ್ಲಿ 40 ಮಿಲಿಗ್ರಾಂನ ಒಂದು ಮಾತ್ರೆಗೆ ನೂರು ಡಾಲರಿಗೂ ಜಾಸ್ತಿ ಬೆಲೆ ಇತ್ತು. ಒಬ್ಬರೇ ಕೊಳ್ಳಲು ಆಗದು, ಹಾಗಾಗಿ ಒಂದನ್ನೇ ಹಂಚಿಕೊಳ್ಳುತ್ತಿದ್ದರು. ಅದರ ಅಮಲು ಬೇಗ ಇಳಿಯುತ್ತದೆ, ಇಳಿದ ಕೂಡಲೇ ಮೈ ನೋವು, ವಾಂತಿ, ನಡುಕ. ಮತ್ತೆ ಬೇಕು. ಸಿಡಿಸಿ, ಅಂದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ತನಿಖೆಯ ಪ್ರಕಾರ ದಿನಕ್ಕೆ ನಾಲ್ಕರಿಂದ ಹದಿನೈದು ಸಲ ಚುಚ್ಚಿಕೊಳ್ಳುವವರಿದ್ದರು. ಒಂದೊಂದು ಸಲ ಜೊತೆಗೆ ಕೂರುವವರು ಒಬ್ಬರಿಂದ ಆರು ಜನ. ಕೆಲವು ಮನೆಗಳಲ್ಲಿ ಅಜ್ಜಿ, ಮಗಳು, ಮೊಮ್ಮಗ ಹೀಗೆ ಮೂರು ತಲೆಮಾರು ಒಟ್ಟಿಗೆ ಚುಚ್ಚಿಕೊಳ್ಳುವುದೂ ಇತ್ತು. ಇಂಥ ಕಡೆ ಒಬ್ಬರ ರಕ್ತಕ್ಕೆ ಎಚ್‌ಐವಿ ಹೊಕ್ಕರೆ ಸಾಕು.

ಹೊಕ್ಕದ್ದೂ ಬಹುಶಃ ಹಾಗೆಯೇ. ನಂತರ 159 ಜನರ ವೈರಸ್ಸಿನ ಜೀನ್ ಪರೀಕ್ಷೆ ಮಾಡಿದಾಗ 157 ಜನರಲ್ಲಿ ಇದ್ದದ್ದು ಒಂದಕ್ಕೊಂದು ತೀರಾ ಹತ್ತಿರದ ವೈರಸ್.

ಯಾರೂ ನೋಡದ ಸೂಚನೆಗಳು

2015ಕ್ಕೆ ಮೊದಲು ಆ ಕೌಂಟಿಯಲ್ಲಿ ಏನಿತ್ತು, ಏನಿರಲಿಲ್ಲ ಅನ್ನುವುದೇ ಈ ಪ್ರಕರಣದ ಮುಖ್ಯ ಭಾಗ ಅಂತ ನನಗನ್ನಿಸುತ್ತದೆ.

ಆಸ್ಟಿನ್‌ಗೆ ಇದ್ದದ್ದು ಒಬ್ಬರೇ ವೈದ್ಯರು, ವಿಲ್ ಕುಕ್. ಆರೋಗ್ಯದ ಪಟ್ಟಿಯಲ್ಲಿ ಇಂಡಿಯಾನಾದ 92 ಕೌಂಟಿಗಳ ಪೈಕಿ ಸ್ಕಾಟ್ ಕೌಂಟಿ ಕಟ್ಟಕಡೆಗೆ ನಿಲ್ಲುತ್ತಿತ್ತು. ಸುಮಾರು ಐದರಲ್ಲೊಬ್ಬರು ಬಡತನದ ರೇಖೆಯ ಕೆಳಗೆ. ಐದರಲ್ಲೊಬ್ಬರು ಹೈಸ್ಕೂಲು ಮುಗಿಸಿದವರಲ್ಲ. ಕೌಂಟಿಯ ಮುಖ್ಯ ಪಟ್ಟಣ ಸ್ಕಾಟ್ಸ್‌ಬರ್ಗ್‌ನಲ್ಲಿ ಪ್ಲ್ಯಾನ್ಡ್ ಪೇರೆಂಟ್‌ಹುಡ್ ಸಂಸ್ಥೆಯ ಒಂದು ಕ್ಲಿನಿಕ್ ಇತ್ತು. ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಲು ಜನ ಹೋಗಬಹುದಾದ ಜಾಗ ಅದೊಂದೇ. ಸಂಸ್ಥೆಯ ಹೆಸರು ಕೇಳಿದರೆ ಅಮೆರಿಕದಲ್ಲಿ ಗರ್ಭಪಾತದ ಜಗಳ ಶುರುವಾಗುತ್ತದೆ, ಆದರೆ ಈ ಕ್ಲಿನಿಕ್ಕಿನಲ್ಲಿ ಗರ್ಭಪಾತ ಮಾಡುತ್ತಲೇ ಇರಲಿಲ್ಲ. ಸರ್ಕಾರದ ಹಣ ಕಡಿತವಾದ ಮೇಲೆ 2013ರಲ್ಲಿ ಅದು ಮುಚ್ಚಿತು. ಎಚ್‌ಐವಿ ಹರಡಲು ಶುರುವಾಗುವ ಹೊತ್ತಿಗೆ ಅದನ್ನು ಪತ್ತೆ ಹಚ್ಚುವ ಬಾಗಿಲು ಹಾಕಿಕೊಂಡಿತು.

ಅದಕ್ಕೂ ಮೊದಲಿನ ಸೂಚನೆ ಹೆಪಟೈಟಿಸ್ ಸಿ. ಇದೂ ರಕ್ತದಿಂದ ಹರಡುವ ಕಾಯಿಲೆ. ಹಂಚಿಕೊಂಡ ಸೂಜಿಯಲ್ಲಿ ಎಚ್‌ಐವಿಗಿಂತ ಬಹಳ ಬೇಗ ಹರಡುತ್ತದೆ. ಹಾಗಾಗಿ ಯಾವುದೇ ಊರಿನಲ್ಲಿ ಯುವಕರಿಗೆ ಹೆಪಟೈಟಿಸ್ ಸಿ ಜಾಸ್ತಿಯಾಗುತ್ತಿದೆ ಅಂದರೆ ಅಲ್ಲಿ ಸೂಜಿ ಹಂಚಿಕೆ ನಡೆದಿದೆ ಅಂತಲೇ ಅರ್ಥ. ಇಂಡಿಯಾನಾದಲ್ಲಿ 2010-11ರಿಂದಲೇ ಇದು ಏರುತ್ತಿತ್ತು. ಕೊನೆಗೆ ಎಚ್‌ಐವಿ ಪತ್ತೆಯಾದ ಆ 181 ಜನರಲ್ಲಿ ನೂರಕ್ಕೆ 92 ಮಂದಿಗೆ ಹೆಪಟೈಟಿಸ್ ಸಿ ಕೂಡ ಇತ್ತು. ಸೂಚನೆ ಕಣ್ಣ ಮುಂದೆಯೇ ಇತ್ತು, ಅಲ್ವಾ?

ಇನ್ನು ಕಾನೂನು. ಮಾದಕ ವಸ್ತುವಿಗಾಗಿ ಸಿರಿಂಜ್ ಇಟ್ಟುಕೊಳ್ಳುವುದು ಇಂಡಿಯಾನಾದಲ್ಲಿ ಗಂಭೀರ ಅಪರಾಧ. ಜೈಲಿಗೆ ಹೋಗಬೇಕಾಗುತ್ತದೆ. ಸೂಜಿ ವಿನಿಮಯ ಕೇಂದ್ರ, ಅಂದರೆ ಬಳಸಿದ ಸೂಜಿ ತೆಗೆದುಕೊಂಡು ಹೊಸದು ಕೊಡುವ ವ್ಯವಸ್ಥೆ, ಆಗ ಕಾನೂನುಬಾಹಿರವಾಗಿತ್ತು. ಚಟ ಬಿಡಿಸುವ ಮೆಥಡೋನ್ ಚಿಕಿತ್ಸೆಯ ಹೊಸ ಕೇಂದ್ರಗಳಿಗೂ 2008ರಿಂದ ರಾಜ್ಯ ತಡೆ ಹಾಕಿತ್ತು. ಕೇಂದ್ರ ಸರ್ಕಾರದ ಹಣವನ್ನು ಸೂಜಿ ವಿನಿಮಯಕ್ಕೆ ಬಳಸಬಾರದು ಅಂತ 1988ರಿಂದ ಇದ್ದ ನಿಷೇಧವನ್ನು 2009ರಲ್ಲಿ ತೆಗೆದಿದ್ದರು, 2011ರ ಕೊನೆಯಲ್ಲಿ ಮತ್ತೆ ಹಾಕಿದರು. ಚಟ ಬಿಡಬೇಕೆಂದವರಿಗೂ ದಾರಿ ಇಲ್ಲ, ಬಿಡಲಾಗದವರಿಗೆ ಶುದ್ಧ ಸೂಜಿಯೂ ಇಲ್ಲ.

ಎರಡು ತಿಂಗಳು, ಆಮೇಲೆ ಓಟ

2015ರ ಜನವರಿ 23ರಂದು ರಾಜ್ಯದ ಆರೋಗ್ಯ ಇಲಾಖೆ ತನಿಖೆ ಶುರು ಮಾಡಿತು. ಆಗ ಖಚಿತವಾಗಿದ್ದದ್ದು 11 ಪ್ರಕರಣ. ಫೆಬ್ರವರಿ 25ಕ್ಕೆ ಸಾರ್ವಜನಿಕವಾಗಿ ತಿಳಿಸುವಾಗ 26. ಆಗಿನ ಗವರ್ನರ್ (ನಮ್ಮ ಮುಖ್ಯಮಂತ್ರಿಯ ಹಾಗೆ) ಮೈಕ್ ಪೆನ್ಸ್, ನಂತರ ದೇಶದ ಉಪಾಧ್ಯಕ್ಷರಾದವರು. ಮಾದಕ ವಸ್ತು ತಡೆಯುವ ನೀತಿಯಾಗಿ ಸೂಜಿ ಹಂಚುವುದನ್ನು ತಾನು ಒಪ್ಪುವುದಿಲ್ಲ ಅಂತ ಅವರು ಬಹಿರಂಗವಾಗಿಯೇ ಹೇಳುತ್ತಿದ್ದರು. ರಾಜ್ಯದ ಆರೋಗ್ಯ ಕಮಿಷನರ್ ಜೆರೋಮ್ ಆಡಮ್ಸ್, ಕೌಂಟಿಯ ನರ್ಸ್, ಸಿಡಿಸಿಯ ತಜ್ಞರು, ಕೊನೆಗೆ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ ಕೂಡ ಬೇರೆ ದಾರಿ ಇಲ್ಲ ಅಂದರು. ಮಾರ್ಚ್ 26ರಂದು ಪೆನ್ಸ್ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿದರು. ಆ ಹೊತ್ತಿಗೆ 79 ಪ್ರಕರಣ. ಘೋಷಣೆ ಮೂವತ್ತೇ ದಿನಕ್ಕೆ, ಈ ಒಂದು ಕೌಂಟಿಗೆ ಮಾತ್ರ. ಆಮೇಲೆ ವಿಸ್ತರಿಸಿದರು.

ಏಪ್ರಿಲ್ 4ರಂದು ಆಸ್ಟಿನ್‌ನಲ್ಲಿ ಕೇಂದ್ರ ತೆರೆಯಿತು. ಸುದ್ದಿಯಲ್ಲೆಲ್ಲ ಅದು ಸೂಜಿ ಕೇಂದ್ರ. ನಿಜವಾಗಿ ಅಲ್ಲಿ ನಡೆದದ್ದು ಇನ್ನೂ ಜಾಸ್ತಿ, ಮತ್ತು ನನಗೆ ಬಹಳ ಹಿಡಿಸಿದ್ದು ಆ ಭಾಗವೇ. ಒಂದೇ ಸೂರಿನಡಿ ಎಚ್‌ಐವಿ ಪರೀಕ್ಷೆ, ಲಸಿಕೆ, ಆರೋಗ್ಯ ವಿಮೆಯ ನೋಂದಣಿ, ಗುರುತಿನ ಚೀಟಿ, ಜನನ ಪ್ರಮಾಣಪತ್ರ, ಕೆಲಸ ಹುಡುಕಲು ಸಹಾಯ. ಗುರುತಿನ ಚೀಟಿ ಇಲ್ಲದಿದ್ದರೆ ವಿಮೆ ಇಲ್ಲ, ವಿಮೆ ಇಲ್ಲದಿದ್ದರೆ ಎಚ್‌ಐವಿ ಔಷಧ ಇಲ್ಲ. ನಮ್ಮಲ್ಲಿ ಆಧಾರ್, ರೇಷನ್ ಕಾರ್ಡ್ ಇಲ್ಲದೆ ಪಿಂಚಣಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೃಷ್ಟಕ್ಕೆ, ಬಡವರಿಗಾಗಿ ರಾಜ್ಯ ವಿಸ್ತರಿಸಿದ ವಿಮಾ ಯೋಜನೆ ಆ ವರ್ಷ ಫೆಬ್ರವರಿಯಲ್ಲಷ್ಟೇ ಜಾರಿಗೆ ಬಂದಿತ್ತು. ಇಂಡಿಯಾನಾ ವಿಶ್ವವಿದ್ಯಾಲಯದಿಂದ ಸೋಂಕು ರೋಗ ತಜ್ಞರು ಆಸ್ಟಿನ್‌ಗೆ ಬಂದು, ಡಾ. ಕುಕ್ ಅವರ ಪುಟ್ಟ ಕ್ಲಿನಿಕ್ಕಿನಲ್ಲೇ ಕೂತು ರೋಗಿಗಳನ್ನು ನೋಡಿದರು.

ಮೊದಲ ದಿನಗಳಲ್ಲಿ ಕೇಂದ್ರಕ್ಕೆ ಬಂದವರು ಕಡಿಮೆ. ನಿನ್ನೆಯವರೆಗೆ ಸಿರಿಂಜ್ ಇಟ್ಟುಕೊಂಡರೆ ಹಿಡಿಯುತ್ತಿದ್ದರು, ಇವತ್ತು ಸರ್ಕಾರವೇ ಕೊಡುತ್ತದೆ ಅಂದರೆ ಯಾರು ನಂಬುತ್ತಾರೆ? ಅದಕ್ಕೆ ಕೌಂಟಿಯ ನರ್ಸ್ ವ್ಯಾನ್ ತೆಗೆದುಕೊಂಡು ಬೀದಿ ಬೀದಿಗೆ ಹೋದರು. ಮನೆ ಬಾಗಿಲಿಗೆ ಹೋದ ಮೇಲೆ ಜನ ಹೊರಗೆ ಬಂದರು. ಸದಸ್ಯರಿಗೆ ಒಂದು ಕಾರ್ಡ್ ಕೊಟ್ಟರು, ಅದು ಇದ್ದರೆ ಆ ಸಿರಿಂಜಿಗೆ ಪೊಲೀಸರು ಹಿಡಿಯುವಂತಿಲ್ಲ.

ಮೇ 5ಕ್ಕೆ ಇಡೀ ರಾಜ್ಯಕ್ಕೆ ಅನ್ವಯಿಸುವ ಕಾನೂನಿಗೆ ಪೆನ್ಸ್ ಸಹಿ ಹಾಕಿದರು. ಅದು ಕೊಟ್ಟೂ ಕೊಡದ ಹಾಗಿತ್ತು. ಕೌಂಟಿಯಲ್ಲಿ ಸೂಜಿಯಿಂದ ಎಚ್‌ಐವಿ ಅಥವಾ ಹೆಪಟೈಟಿಸ್ ಸಿ ಹರಡಿದೆ ಅಂತ ಮೊದಲು ತೋರಿಸಬೇಕು. ಆಮೇಲೆ ಕೌಂಟಿಯ ಚುನಾಯಿತ ಕಮಿಷನರ್‌ಗಳು ಒಪ್ಪಬೇಕು, ರಾಜ್ಯವೂ ಒಪ್ಪಬೇಕು. ಸೂಜಿ ಕೊಳ್ಳಲು ರಾಜ್ಯದ ಹಣ ಮುಟ್ಟುವಂತಿಲ್ಲ. ಕಾಯಿಲೆ ತಡೆಯುವ ಕೆಲಸಕ್ಕೆ ಕಾಯಿಲೆ ಬಂದದ್ದರ ಪುರಾವೆ ತಂದು ಕೊಡಿ ಅನ್ನುವ ಕಾನೂನು ಇದು. ಇನ್ನೊಂದು ಮಾತು, ಕೇಂದ್ರದ ಅಳಿವು ಉಳಿವು ಮೂವರು ಕಮಿಷನರ್‌ಗಳ ಮತಕ್ಕೆ ಬಿತ್ತು. ಮುಂದೆ ಕೈಕೊಟ್ಟದ್ದು ಅದೇ.

ಅಳೆಯುವಾಗ ಬರುವ ತೊಡಕು

ಈ ಕ್ರಮಗಳು ಫಲಿಸಿದವೇ? ಮೇಲ್ನೋಟಕ್ಕೆ ಲೆಕ್ಕ ತಲೆ ಕೆಡಿಸುತ್ತದೆ. ಮಾರ್ಚ್ 26ಕ್ಕೆ 79 ಇದ್ದದ್ದು ಏಪ್ರಿಲ್ 21ಕ್ಕೆ 135 ಆಯಿತು. ಕೇಂದ್ರ ತೆರೆದ ಮೇಲೆ ಸಂಖ್ಯೆ ಏರಿತು! ಆಗಿನ ಪತ್ರಿಕೆಗಳನ್ನು ಓದಿದರೆ ಪರಿಸ್ಥಿತಿ ಕೈಮೀರಿತು ಅನ್ನಿಸುವುದು ಸಹಜ. ಆದರೆ ಸೋಂಕು ತಗುಲಿದ ದಿನ ಬೇರೆ, ಪತ್ತೆಯಾದ ದಿನ ಬೇರೆ. ಏಪ್ರಿಲ್‌ನಲ್ಲಿ ಪತ್ತೆಯಾದವರಲ್ಲಿ ಬಹಳಷ್ಟು ಜನರಿಗೆ ಹಿಂದಿನ ತಿಂಗಳುಗಳಲ್ಲೇ ತಗುಲಿತ್ತು. ಪರೀಕ್ಷೆ ಜಾಸ್ತಿ ಮಾಡಿದ್ದರಿಂದ ಬೆಳಕಿಗೆ ಬಂತು. ಏರಿದ ಸಂಖ್ಯೆ ಆ ಹೊತ್ತಿಗೆ ಒಳ್ಳೆಯ ಸುದ್ದಿಯೇ.

ಯೇಲ್ ವಿಶ್ವವಿದ್ಯಾಲಯದ ಗ್ರೆಗ್ ಗೊನ್ಸಾಲ್ವಿಸ್ ಮತ್ತು ಫಾರೆಸ್ಟ್ ಕ್ರಾಫರ್ಡ್ 2018ರಲ್ಲಿ ಇದನ್ನು ಗಣಿತದ ಮಾದರಿ ಕಟ್ಟಿ ನೋಡಿದರು. ಸೋಂಕು ಇದ್ದೂ ಪತ್ತೆಯಾಗದವರ ಸಂಖ್ಯೆ ಹೆಚ್ಚೆಂದರೆ 126 ಇತ್ತು, ಆ ತುದಿ ಮುಟ್ಟಿದ್ದು 2015ರ ಜನವರಿ 10ರ ಸುಮಾರಿಗೆ ಅಂತ ಅವರ ಅಂದಾಜು. ಅಂದರೆ ತುರ್ತು ಪರಿಸ್ಥಿತಿ ಘೋಷಿಸುವುದಕ್ಕೆ ಎರಡು ತಿಂಗಳಿಗೂ ಮುಂಚೆ. 2013ರ ಜನವರಿಯಲ್ಲೇ ಇದೇ ಕ್ರಮಗಳು ಬಂದಿದ್ದರೆ ಒಟ್ಟು ಸೋಂಕು 56 ದಾಟುತ್ತಿರಲಿಲ್ಲ. 2011ರ ಏಪ್ರಿಲ್‌ನಲ್ಲಿ, ಹೆಪಟೈಟಿಸ್ ಸಿ ಸೂಚನೆ ಕಂಡಾಗಲೇ ಬಂದಿದ್ದರೆ ಹತ್ತರೊಳಗೇ ನಿಲ್ಲುತ್ತಿತ್ತು.

ಈ ಅಧ್ಯಯನ ಬಂದಾಗ ಎಲ್ಲರೂ ಪೆನ್ಸ್ ಕಡೆ ಬೆರಳು ತೋರಿಸಿದರು. ಎರಡು ತಿಂಗಳು ತಡ ಮಾಡಿದ್ದು ತಪ್ಪೇ, ಅನುಮಾನ ಬೇಡ. ಆದರೆ ಅದೇ ಅಂಕಿ ಹೇಳುವುದು ಬೇರೆಯೇ ಕಥೆ. ಜನವರಿಯಲ್ಲಿ ತನಿಖೆ ಶುರುವಾಗುವ ಮೊದಲೇ ಬೆಂಕಿ ಬಹುಪಾಲು ಉರಿದಾಗಿತ್ತು. ನಷ್ಟವಾದದ್ದು ಎರಡು ತಿಂಗಳಲ್ಲಿ ಅಲ್ಲ, ಹಿಂದಿನ ನಾಲ್ಕು ವರ್ಷಗಳಲ್ಲಿ. ಆ ನಾಲ್ಕು ವರ್ಷಕ್ಕೆ ಒಬ್ಬ ಗವರ್ನರ್ ಅಲ್ಲ, ಎರಡೂ ಪಕ್ಷದವರಿದ್ದ ಕೇಂದ್ರದ ಸಂಸತ್ತು, ರಾಜ್ಯದ ಶಾಸಕರು, ಹೆಪಟೈಟಿಸ್ ಅಂಕಿಯನ್ನು ಕಡತದಲ್ಲಿಟ್ಟ ಇಲಾಖೆ ಎಲ್ಲರೂ ಉತ್ತರ ಹೇಳಬೇಕು. ಒಬ್ಬರ ಮೇಲೆ ಹಾಕಿದರೆ ಉಳಿದವರು ಸುಮ್ನೆ ಪಾರಾಗುತ್ತಾರೆ.

ಮಾದರಿಯ ಬಗ್ಗೆ ನನಗೊಂದು ತಕರಾರೂ ಇದೆ. 2015ರಲ್ಲಿ ಬಂದಷ್ಟೇ ಬಲವಾದ ಕ್ರಮ 2011ರಲ್ಲೂ ಬರುತ್ತಿತ್ತು ಅಂತ ಅದು ಊಹಿಸುತ್ತದೆ. ಎಚ್‌ಐವಿ ಪ್ರಕರಣಗಳೇ ಅಪರೂಪವಾಗಿದ್ದ ಊರಿಗೆ ಸಿಡಿಸಿ ತಂಡ, ತಜ್ಞ ವೈದ್ಯರು, ವ್ಯಾನು, ಹಣ ಯಾರು ಕಳಿಸುತ್ತಿದ್ದರು? ಹಾಗಾಗಿ ಹತ್ತು ಅನ್ನುವ ಅಂಕಿಯನ್ನು ಹಾಗೇ ನಂಬುವುದು ಕಷ್ಟ. ಬೇಗ ಶುರು ಮಾಡಿದ್ದರೆ ಬಹಳ ಜನ ಉಳಿಯುತ್ತಿದ್ದರು ಅನ್ನುವುದನ್ನು ಮಾತ್ರ ಅಲ್ಲಗಳೆಯಲಾಗದು.

ಇನ್ನೊಂದು ಬಗೆಯ ಪುರಾವೆ ಕೇಂದ್ರಕ್ಕೆ ಬಂದವರ ಮಾತಿನಿಂದ ಸಿಕ್ಕಿತು. ಮೊದಲ ಭೇಟಿಯಲ್ಲಿ ಇನ್ನೊಬ್ಬರ ಸೂಜಿ ಬಳಸಿದ್ದೇವೆ ಅಂದವರು ನೂರಕ್ಕೆ 18. ನಂತರದ ಭೇಟಿಯಲ್ಲಿ ನೂರಕ್ಕೆ 2. ಔಷಧ ಕರಗಿಸುವ ಪಾತ್ರೆ ಮುಂತಾದವನ್ನು ಹಂಚಿಕೊಳ್ಳುವುದು 24ರಿಂದ 5ಕ್ಕೆ ಇಳಿಯಿತು. ಒಳ್ಳೆಯ ಇಳಿಕೆ. ಆದರೂ ಇದು ಸೂಜಿ ಕೊಡುವವರ ಎದುರಿಗೇ ಕೂತು ಹೇಳಿದ ಉತ್ತರ. ಮತ್ತೆ ಮತ್ತೆ ಬಂದವರು ಹೇಗೂ ಸ್ವಲ್ಪ ಎಚ್ಚರ ಇದ್ದವರು. ಬಾರದವರ ಲೆಕ್ಕ ಇದರಲ್ಲಿಲ್ಲ.

ಎಚ್‌ಐವಿ ಇಳಿದದ್ದಕ್ಕೆ ಬೇರೆ ಕಾರಣಗಳೂ ಇರಬಹುದು ಅಂತ ಯಾರಾದರೂ ವಾದಿಸಿದರೆ ತಳ್ಳಿಹಾಕುವಂತಿಲ್ಲ. ಅಷ್ಟು ಚಿಕ್ಕ ಊರಿನಲ್ಲಿ ಜಾಸ್ತಿ ಅಪಾಯ ಇದ್ದವರಲ್ಲಿ ಹೆಚ್ಚಿನವರಿಗೆ ಆಗಲೇ ತಗುಲಿತ್ತು. ಒಪಾನಾ ಮಾರುಕಟ್ಟೆಯಿಂದ ಹೋಯಿತು. ಎಚ್‌ಐವಿ ಔಷಧ ತೆಗೆದುಕೊಂಡವರ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದರೆ ಅವರಿಂದ ಹರಡುವ ಅಪಾಯವೂ ಇಳಿಯುತ್ತದೆ. ಕೆಲವು ವರ್ಷಗಳಲ್ಲಿ ಸೋಂಕಿತರ ಸುಮಾರು ಮುಕ್ಕಾಲು ಪಾಲು ಈ ಮಟ್ಟ ಮುಟ್ಟಿದರು. ಅಮೆರಿಕದ ಸರಾಸರಿಗೆ ಹೋಲಿಸಿದರೆ, ಅದೂ ಇಷ್ಟು ಬಡ ಊರಿನಲ್ಲಿ, ಇದು ದೊಡ್ಡ ಸಾಧನೆ. ಹಾಗಾದರೆ ಶುದ್ಧ ಸೂಜಿಯಿಂದ ಎಷ್ಟು, ಎಚ್‌ಐವಿ ಔಷಧದಿಂದ ಎಷ್ಟು? ಬೇರ್ಪಡಿಸಿ ಹೇಳಲು ಆಗದು. ನನ್ನ ಮಟ್ಟಿಗೆ ಬೇರ್ಪಡಿಸುವ ಅಗತ್ಯವೂ ಕಾಣುವುದಿಲ್ಲ. ಸೂಜಿಗೆ ಬಂದವರೇ ಪರೀಕ್ಷೆಗೆ ಕೂತರು, ಪರೀಕ್ಷೆಗೆ ಕೂತವರೇ ವಿಮೆಗೆ ಸಹಿ ಹಾಕಿದರು, ವಿಮೆ ಸಿಕ್ಕವರೇ ಔಷಧ ನುಂಗಿದರು. ಒಂದನ್ನು ತೆಗೆದರೆ ಉಳಿದವಕ್ಕೆ ಬರುವವರು ಯಾರು?

ದುಡ್ಡಿನ ಲೆಕ್ಕವೂ ಇದೆ. ಒಬ್ಬ ಎಚ್‌ಐವಿ ರೋಗಿಯ ಜೀವಮಾನದ ಚಿಕಿತ್ಸೆಗೆ ಆಗಿನ ಅಂದಾಜು ಸುಮಾರು 3 ಲಕ್ಷ 80 ಸಾವಿರ ಡಾಲರ್. 181 ಜನರಿಗೆ ಸುಮಾರು 6.9 ಕೋಟಿ ಡಾಲರ್. ಬಡವರ ವಿಮೆಯಾದ್ದರಿಂದ ಇದರ ಬಹುಪಾಲು ಸರ್ಕಾರದ್ದೇ. ಒಂದು ಸಿರಿಂಜಿನ ಬೆಲೆ ಕೆಲವೇ ಸೆಂಟ್.

ಬೇರೆ ಊರುಗಳ ಪಾಠವನ್ನೂ ಜೊತೆಗಿಟ್ಟು ನೋಡಬೇಕು. ಪಕ್ಕದ ಕೆಂಟಕಿ ರಾಜ್ಯ 2015ರ ಮಾರ್ಚ್‌ನಲ್ಲೇ ಸೂಜಿ ವಿನಿಮಯಕ್ಕೆ ಕಾನೂನು ಮಾಡಿತು. ಮರುವರ್ಷ ಸಿಡಿಸಿ ದೇಶದಲ್ಲಿ ಇಂಥದ್ದೇ ಅಪಾಯ ಇರುವ 220 ಕೌಂಟಿಗಳ ಪಟ್ಟಿ ಮಾಡಿತು. ಅದರಲ್ಲಿ 54 ಕೆಂಟಕಿಯವು. ಸ್ಕಾಟ್ ಕೌಂಟಿಯ ಸ್ಥಾನ 32. ಅಂದರೆ ಇದಕ್ಕಿಂತ ಹದಗೆಟ್ಟ ಊರುಗಳು 31 ಇದ್ದವು! ಪಶ್ಚಿಮ ವರ್ಜೀನಿಯಾದ ಚಾರ್ಲ್ಸ್‌ಟನ್‌ನಲ್ಲಿ ಆರೋಗ್ಯ ಇಲಾಖೆಯ ಸೂಜಿ ಕೇಂದ್ರವನ್ನು 2018ರಲ್ಲಿ ನಿಲ್ಲಿಸಿದರು. ಕೆಲವೇ ವರ್ಷಗಳಲ್ಲಿ ಆ ಕನಾವಾ ಕೌಂಟಿಯಲ್ಲಿ ಚುಚ್ಚಿಕೊಳ್ಳುವವರ ನಡುವೆ ಎಚ್‌ಐವಿ ಎದ್ದಿತು. 2021ರಲ್ಲಿ ಸಿಡಿಸಿಯ ಅಧಿಕಾರಿ ಅದನ್ನು ದೇಶದಲ್ಲೇ ಅತ್ಯಂತ ಆತಂಕ ತರುವ ಪ್ರಕರಣ ಅಂದರು. ಚಾರ್ಲ್ಸ್‌ಟನ್‌ನ ಪರಿಸ್ಥಿತಿ ಬೇರೆ, ಅಲ್ಲಿ ಮನೆಯಿಲ್ಲದವರು ಜಾಸ್ತಿ. ಒಂದಕ್ಕೊಂದು ನೇರ ಹೋಲಿಕೆ ಆಗದು. ಆದರೂ ಸ್ಕಾಟ್ ಕೌಂಟಿಯ ಕಮಿಷನರ್‌ಗಳು ಮತ ಹಾಕುವ ಹೊತ್ತಿಗೆ ಈ ಸುದ್ದಿ ಹಳೆಯದೇನೂ ಆಗಿರಲಿಲ್ಲ.

ಎರಡಕ್ಕೆ ಒಂದು

2020ರಲ್ಲಿ ಸ್ಕಾಟ್ ಕೌಂಟಿಯಲ್ಲಿ ಹೊಸದಾಗಿ ಪತ್ತೆಯಾದದ್ದು ಒಂದೇ ಪ್ರಕರಣ. ಕೋವಿಡ್ ವರ್ಷ, ಎಲ್ಲೆಡೆ ಪರೀಕ್ಷೆಗಳೇ ಕಡಿಮೆಯಾಗಿದ್ದವು ಅನ್ನುವುದನ್ನು ಲೆಕ್ಕಕ್ಕೆ ಹಿಡಿದರೂ ಇಳಿಕೆ ದೊಡ್ಡದು. 2021ರ ಜೂನ್ 2ರಂದು ಕೌಂಟಿ ಕಮಿಷನರ್‌ಗಳು ಎರಡಕ್ಕೆ ಒಂದು ಮತದಿಂದ ಕೇಂದ್ರವನ್ನು ನಿಲ್ಲಿಸಲು ತೀರ್ಮಾನಿಸಿದರು. 2022ರ ಜನವರಿ 1ರೊಳಗೆ ಮುಚ್ಚಬೇಕು. ಅಷ್ಟರಲ್ಲಿ ದೇಶದ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ಮುಖ್ಯ ಸಲಹೆಗಾರ) ಹುದ್ದೆ ಮುಗಿಸಿದ್ದ ಜೆರೋಮ್ ಆಡಮ್ಸ್ ಮುಚ್ಚಬೇಡಿ ಅಂತ ಕೇಳಿಕೊಂಡರು. ಚಟದಿಂದ ಹೊರಬಂದವರೂ ಕೇಳಿಕೊಂಡರು. ಆಗಲಿಲ್ಲ.

ನಿಲ್ಲಿಸಬೇಕೆಂದವರ ವಾದವನ್ನು ಗೇಲಿ ಮಾಡುವುದು ಸುಲಭ. ಗೇಲಿ ಮಾಡದೆ ಕೇಳಿದರೆ ಅದರಲ್ಲಿ ಎರಡು ಮಾತಿವೆ. ಒಂದು, ಚಟ ಇರುವವರ ಕೈಗೆ ಸೂಜಿ ಕೊಟ್ಟರೆ ಚಟಕ್ಕೆ ನಾವೇ ನೀರೆರೆದ ಹಾಗೆ. ಇನ್ನೊಂದು, ಊರಿನಲ್ಲಿ ಡೋಸು ಜಾಸ್ತಿಯಾಗಿ ಸಾಯುವುದು ನಿಂತಿಲ್ಲ, ನಾವು ಕೊಟ್ಟ ಸೂಜಿಯಲ್ಲೇ ಸಾಯುತ್ತಿದ್ದಾರೆ. ಮಕ್ಕಳನ್ನು, ನೆಂಟರನ್ನು ಕಳೆದುಕೊಂಡ ಊರಿನಲ್ಲಿ ಈ ಎರಡನೇ ಮಾತಿಗೆ ತೂಕ ಇದೆ. ಆ ಹೊತ್ತಿಗೆ ಫೆಂಟನಿಲ್ ಎಂಬ, ಹೆರಾಯಿನ್‌ಗಿಂತ ಬಹಳ ತೀವ್ರವಾದ ಒಪಿಯಾಯ್ಡ್ ಬಂದಾಗಿತ್ತು. 2021ರ ಏಪ್ರಿಲ್‌ಗೆ ಕೊನೆಯಾದ ಹನ್ನೆರಡು ತಿಂಗಳಲ್ಲಿ ಅಮೆರಿಕದಲ್ಲಿ ಮಾದಕ ವಸ್ತುವಿನ ಮಿತಿಮೀರಿದ ಸೇವನೆಯಿಂದ ಸತ್ತವರು ಮೊದಲ ಸಲ ಒಂದು ಲಕ್ಷ ದಾಟಿದರು. ಕೇಂದ್ರ ಇದ್ದೂ ಜನ ಸಾಯುತ್ತಿದ್ದಾರೆ ಅಂದರೆ ಕೇಂದ್ರ ಯಾಕೆ ಅಂತ ಕಮಿಷನರ್‌ಗೆ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಆ ಕೇಂದ್ರವನ್ನು ತೆರೆದದ್ದು ಎಚ್‌ಐವಿ ತಡೆಯಲು. ಸೂಜಿ ಶುದ್ಧವಾಗಿದ್ದರೆ ರಕ್ತದ ಕಾಯಿಲೆ ಹರಡುವುದಿಲ್ಲ. ಒಳಗಿನ ಔಷಧ ವಿಷವಾಗಿದ್ದರೆ ಸೂಜಿ ಏನೂ ಮಾಡಲಾರದು. ಅದಕ್ಕೆ ಬೇಕಾದದ್ದು ಡೋಸು ಜಾಸ್ತಿಯಾದವರನ್ನು ಉಳಿಸುವ ನಲಾಕ್ಸೋನ್, ಚಟ ಬಿಡಿಸಲು ಬಳಸುವ ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್, ಅವನ್ನು ಕೊಡುವ ವೈದ್ಯರು, ಕಾಯಿಸದೆ ಸಿಗುವ ಚಿಕಿತ್ಸೆ. ರಾಜ್ಯ ಇದನ್ನು ಜಾಸ್ತಿ ಕೊಡಬೇಕಿತ್ತು ಅನ್ನುವ ತೀರ್ಮಾನಕ್ಕೆ ಬರಬಹುದಿತ್ತು. ಬದಲಿಗೆ ಎಚ್‌ಐವಿಗೆ ಮಾಡಿದ ಕೆಲಸವನ್ನು ಸಾವಿನ ಲೆಕ್ಕದಿಂದ ಅಳೆದು, ಎಚ್‌ಐವಿ ಲೆಕ್ಕವನ್ನು ಕೆಲಸ ಮುಗಿಯಿತು ಅನ್ನುವುದಕ್ಕೆ ಬಳಸಿದರು. ನಮ್ಮ ದೇಶದಲ್ಲಿ 2011ರ ಜನವರಿಯ ನಂತರ ಕಾಡು ಪೋಲಿಯೋ ಪ್ರಕರಣ ಬಂದಿಲ್ಲ. ಆದರೂ ಹನಿ ಹಾಕುವುದನ್ನು ನಿಲ್ಲಿಸಿಲ್ಲ.

ಸೂಜಿ ಹಂಚುವುದು ಶ್ರೀಮಂತ ದೇಶಗಳ ಉದಾರವಾದ ಅಂದುಕೊಳ್ಳುವ ಕನ್ನಡ ಓದುಗರಿಗೆ ಒಂದು ಮಾತು. 1990ರ ದಶಕದಲ್ಲಿ ಮಣಿಪುರದಲ್ಲಿ ಹೆರಾಯಿನ್ ಸೂಜಿಯಿಂದ ಎಚ್‌ಐವಿ ಭೀಕರವಾಗಿ ಹರಡಿತ್ತು. ಅಲ್ಲಿ ಸೂಜಿ ವಿನಿಮಯ ಆಗಲೇ ಶುರುವಾಯಿತು. ಈಗ ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮವೇ ಚುಚ್ಚಿಕೊಳ್ಳುವವರಿಗೆ ಸೂಜಿ ಮತ್ತು ಬ್ಯುಪ್ರೆನಾರ್ಫಿನ್ ಎರಡನ್ನೂ ಕೊಡುತ್ತದೆ. ಇಂಡಿಯಾನಾ ಮೂವತ್ತು ದಿನದ ಆದೇಶಕ್ಕೆ ಮೀನಮೇಷ ಎಣಿಸುತ್ತಿದ್ದಾಗ ಭಾರತದಲ್ಲಿ ಇದು ಸರ್ಕಾರದ ನೀತಿಯಾಗಿ ವರ್ಷಗಳೇ ಆಗಿದ್ದವು.

ಇನ್ನು ಮುಂದೆ ಸ್ಕಾಟ್ ಕೌಂಟಿಯನ್ನು ಗಮನಿಸುವವರು ಏನು ನೋಡಬೇಕು? ಎಚ್‌ಐವಿ ಪ್ರಕರಣಗಳ ಸಂಖ್ಯೆಯೊಂದನ್ನೇ ನೋಡಿದರೆ ಮೋಸ ಹೋಗುತ್ತಾರೆ. ಕೇಂದ್ರವೇ ಜನರನ್ನು ಪರೀಕ್ಷೆಗೆ ಕರೆತರುತ್ತಿದ್ದ ಜಾಗ. ಅದು ಮುಚ್ಚಿದ ಮೇಲೆ ಸಂಖ್ಯೆ ಕಡಿಮೆ ಕಂಡರೆ ಸೋಂಕು ಇಲ್ಲ ಅಂತಲೂ ಇರಬಹುದು, ಹುಡುಕುವವರಿಲ್ಲ ಅಂತಲೂ ಇರಬಹುದು. ಚುಚ್ಚಿಕೊಳ್ಳುವವರಲ್ಲಿ ಎಷ್ಟು ಜನರಿಗೆ ಪರೀಕ್ಷೆ ಆಯಿತು ಅನ್ನುವುದನ್ನು ಪಕ್ಕದಲ್ಲಿ ಬರೆಯದೆ ಆ ಸಂಖ್ಯೆಯನ್ನು ಪ್ರಕಟಿಸಬಾರದು. ಜೊತೆಗೆ ಮೂವತ್ತರೊಳಗಿನವರಲ್ಲಿ ಹೊಸ ಹೆಪಟೈಟಿಸ್ ಸಿ ಎಷ್ಟು ಅಂತ ವರ್ಷ ವರ್ಷ ನೋಡಬೇಕು. ಅದು ಏರಿದರೆ ಎಚ್‌ಐವಿಗಾಗಿ ಕಾಯುವ ಅಗತ್ಯ ಇಲ್ಲ, 2015ರ ಕಾನೂನು ಕೂಡ ಹೆಪಟೈಟಿಸ್ ಸಿ ಹರಡಿದ್ದನ್ನು ಕೇಂದ್ರ ತೆರೆಯಲು ಒಂದು ಕಾರಣ ಅಂತ ಒಪ್ಪಿತ್ತು.